ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತಾ?

"ಗಂಟನ್ನ ಕೆಣಕಬೇಡಿ, ಸೂಜಿ ಹಾಕಿದ್ರೆ ಮೈಯೆಲ್ಲಾ ಹಬ್ಬುತ್ತೆ." ಈ ಮಾತಿಗೆ ಹೆದರಿ ಬಯಾಪ್ಸಿ (ಪರೀಕ್ಷೆಗೆಂದು ಗಡ್ಡೆಯ ತುಣುಕು ತೆಗೆಯುವುದು) ಬೇಡವೆಂದು ಮನೆಗೆ ಹೋಗುವವರು ಈಗಲೂ ಇದ್ದಾರೆ. ನಾಟಿ ಲೇಪ ಹಚ್ಚಿಕೊಂಡು ಮೂರು ತಿಂಗಳು ಕಳೆದು ಬರುವಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಹಾಗಂತ "ಹರಡೋದೇ ಇಲ್ಲ" ಎಂದು ಅವರ ಬಾಯಿ ಮುಚ್ಚಿಸುವುದೂ ತಪ್ಪು. ಅಪರೂಪಕ್ಕೆ ಹರಡುತ್ತದೆ. ಎಲ್ಲಿ, ಯಾಕೆ ಅನ್ನುವುದೂ ಸಾಕಷ್ಟು ಗೊತ್ತಿದೆ.

ಸೂಜಿ ಹೊರಗೆ ಬರುವಾಗ ಅದಕ್ಕಂಟಿದ ಒಂದಷ್ಟು ಜೀವಕೋಶಗಳು ದಾರಿಯಲ್ಲಿ ಉದುರುತ್ತವೆ. ಬಹುಪಾಲು ಅಲ್ಲೇ ಸಾಯುತ್ತವೆ. ಸ್ತನದ ಬಯಾಪ್ಸಿ ಆದ ಕೆಲವೇ ದಿನಕ್ಕೆ ಆಪರೇಷನ್ ಮಾಡಿದರೆ ಸೂಜಿಯ ದಾರಿಯಲ್ಲಿ ಅವು ಹೆಚ್ಚು ಕಾಣುತ್ತವೆ, ವಾರಗಳು ಕಳೆದಿದ್ದರೆ ಕಡಿಮೆ. ಥೈರಾಯ್ಡ್ ಗಂಟಿನಿಂದ ಜೀವಕೋಶಗಳನ್ನಷ್ಟೇ ಹೀರಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆಯ ಸೂಜಿಯ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಅಲ್ಲಿ ಈ ತೊಂದರೆ ತೀರಾ ಅಪರೂಪ.

ಯಕೃತ್ತಿನಲ್ಲಿ ಸ್ವಲ್ಪ ಹೆಚ್ಚು. ಹಲವು ಅಧ್ಯಯನಗಳನ್ನು ಕೂಡಿಸಿ 2008ರಲ್ಲಿ ಲೆಕ್ಕ ಹಾಕಿದಾಗ, ಬಯಾಪ್ಸಿಯಾದ ಯಕೃತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಸೂಜಿಯ ದಾರಿಯಲ್ಲಿ ಹರಡಿದ್ದು ನೂರಕ್ಕೆ ಸುಮಾರು 2.7 ಬಂದಿತ್ತು. ಅದಕ್ಕೇ ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಕೆಡುವ ಕಾಯಿಲೆ) ಇರುವವರಲ್ಲಿ ಮೊದಲು ಟ್ರಿಪಲ್ ಫೇಸ್ ಸಿಟಿ, ಅಂದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯುವ ಸ್ಕ್ಯಾನ್, ಮಾಡುತ್ತಾರೆ. ಔಷಧಿ ಹರಿದ ಕೂಡಲೇ ಗಡ್ಡೆ ಬೆಳಗಿ, ಆಮೇಲೆ ಸುತ್ತಲಿನ ಯಕೃತ್ತಿಗಿಂತ ಮಂಕಾದರೆ ಅದು ಯಕೃತ್ತಿನ ಕ್ಯಾನ್ಸರೇ ಎಂದು ತಿಳಿಯುತ್ತದೆ, ಎಷ್ಟೋ ಸಲ ಬಯಾಪ್ಸಿಯೇ ಬೇಕಾಗುವುದಿಲ್ಲ. ಬೇಕೇ ಆದರೆ ಕೋಆಕ್ಸಿಯಲ್ ವಿಧಾನ: ಹೊರಗಿನ ಕೊಳವೆ ಒಮ್ಮೆ ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಒಳಸೂಜಿ ಮೂರ್ನಾಲ್ಕು ಸಲ ಅದರೊಳಗೇ ಓಡಾಡುತ್ತದೆ. ಆರೋಗ್ಯವಾಗಿರುವ ಭಾಗಕ್ಕೆ ಒಂದೇ ತೂತು.

ನಿಜವಾಗಿ ಭಯಪಡಬೇಕಾದದ್ದು ಕೈಕಾಲಿನ ಮೂಳೆ, ಮಾಂಸದ ಗಡ್ಡೆಗಳಿಗೆ, ಅಂದರೆ ಸಾರ್ಕೋಮಾಗೆ, ತಪ್ಪು ಜಾಗದಲ್ಲಿ ಚುಚ್ಚುವುದಕ್ಕೆ. ಇಲ್ಲಿ ಬಯಾಪ್ಸಿಯ ದಾರಿಯನ್ನು ಕ್ಯಾನ್ಸರ್ ತಾಗಿದ ಜಾಗವೆಂದೇ ಎಣಿಸಿ, ಸಾಮಾನ್ಯವಾಗಿ ಗಡ್ಡೆಯ ಜೊತೆಗೇ ತೆಗೆಯುತ್ತಾರೆ. ಆದ್ದರಿಂದ ತೂತು ಮುಂದಿನ ಆಪರೇಷನ್ ಗೆರೆಯ ಮೇಲೇ ಬೀಳಬೇಕು. ಒಂದೇ ಸ್ನಾಯುವಿನ ಗುಂಪಿನ ಮೂಲಕ ಹೋಗಬೇಕು, ಮುಖ್ಯ ನರ, ರಕ್ತನಾಳಗಳನ್ನು ಮುಟ್ಟಬಾರದು. ತೊಡೆಗೆ ಅಡ್ಡಡ್ಡ ಕೊಯ್ದು ತುಣುಕು ತೆಗೆದರೆ ಆಮೇಲೆ ಬೇಡದಷ್ಟು ಮಾಂಸ ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಕಾಲೇ ಹೋಗುತ್ತದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಮ್ಯಾಂಕಿನ್ 1982ರಲ್ಲೂ 1996ರಲ್ಲೂ ತೋರಿಸಿದ್ದು ಇದನ್ನೇ: ಕೊನೆಗೆ ಚಿಕಿತ್ಸೆ ಕೊಡುವ ಕೇಂದ್ರದ ಬದಲು ಬೇರೆಡೆ ಬಯಾಪ್ಸಿ ಮಾಡಿದಾಗ ಇಂಥ ಎಡವಟ್ಟು ಹಲವು ಪಟ್ಟು ಹೆಚ್ಚು. ಇನ್ನೊಂದು ಸಣ್ಣ ವಿಷಯ. ಮೂಳೆಯ ಕ್ಯಾನ್ಸರಾದ ಆಸ್ಟಿಯೋಸಾರ್ಕೋಮಾಗೆ ಆಪರೇಷನ್‌ಗೂ ಮುಂಚೆ ಸುಮಾರು ಎರಡೂವರೆ ತಿಂಗಳು ಕೀಮೋ ನಡೆಯುತ್ತದೆ, ಅಷ್ಟರಲ್ಲಿ ಸೂಜಿಯ ಗುರುತು ಮಾಯವಾಗಿರಬಹುದು. ಆ ಜಾಗಕ್ಕೆ ಹಚ್ಚೆಯ ಚುಕ್ಕೆ ಇಡಿಸಿ, ಇಲ್ಲವೇ ಆ ದಿನವೇ ಫೋಟೋ ತೆಗೆದಿಡಿ.

ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕಬಾರದು. ತೊಡೆಸಂದಿಯಿಂದ ಇಡೀ ವೃಷಣವನ್ನೇ ತೆಗೆದು ಪರೀಕ್ಷಿಸುತ್ತಾರೆ. ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮಾಗೂ ಸೂಜಿ ಕೂಡದು. ಅಂಡಾಶಯಕ್ಕಷ್ಟೇ ಸೀಮಿತವಾದ, ಅನುಮಾನ ಹುಟ್ಟಿಸುವ ಗಡ್ಡೆಯನ್ನು ಚುಚ್ಚಿ ನೀರು ಸೋರಿಸಿದರೆ 1ಎ ಹಂತದಲ್ಲಿದ್ದದ್ದು (ಅಂಡಾಶಯದೊಳಗೇ ಇದ್ದದ್ದು) 1ಸಿ (ಹೊಟ್ಟೆಯೊಳಗೆ ಚೆಲ್ಲಿದ್ದು) ಆಗಿಬಿಡಬಹುದು.

ಹಾಗಾಗಿ ಡಾಕ್ಟರನ್ನು "ಸೂಜಿ ಬೇಕೇ ಬೇಕಾ?" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆಪರೇಷನ್ ಮಾಡುವವರು ಸ್ಕ್ಯಾನ್ ನೋಡಿದ್ದಾರಾ, ಎಲ್ಲಿ ಚುಚ್ಚಬೇಕೆಂದು ಅವರೇ ಹೇಳಿದ್ದಾರಾ ಎಂದೂ ಕೇಳಿ. ಬಯಾಪ್ಸಿಗೆ ಮುಂಚೆಯೇ ಎಂಆರ್‌ಐ ಆಗಲಿ, ಚುಚ್ಚಿದ ಮೇಲೆ ರಕ್ತ ಕಟ್ಟಿ ಚಿತ್ರ ಗೊಂದಲವಾಗುತ್ತದೆ. ಬಯಾಪ್ಸಿ ಈಗಾಗಲೇ ಆಗಿದ್ದರೆ ರಿಪೋರ್ಟ್ ಒಂದೇ ಸಾಲದು, ಸ್ಲೈಡ್ ಮತ್ತು ಮೇಣದ ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಎರಡನ್ನೂ ಕೇಳಿ ಪಡೆಯಿರಿ. ಅವು ಕೈಯಲ್ಲಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಮತ್ತೆ ಚುಚ್ಚದೇ ಮುಂದುವರಿಯಬಹುದು.