ಹೊಳೆಗೆ ಎಕ್ಸೆಲ್ ಬೇಕಿರಲಿಲ್ಲ

ನಮ್ಮ ಮನೆಯಲ್ಲಿ ಸೈಕಲ್ ಪ್ರವಾಸದ ಮಾತು ಎತ್ತಿದ್ದು ಇವರು, ಮಂಡೆ ಬಿಸಿ ಮಾಡಿಕೊಂಡಿದ್ದು ನಾನು. 2023ರ ಜನವರಿಯಲ್ಲಿ ಒಂದು ರಾತ್ರಿ ಗಂಜಿ ಉಣ್ಣುತ್ತಾ, "ಈ ಬೇಸಿಗೆ ರಜೆಯಲ್ಲಿ ಡಾನ್ಯೂಬ್ ಹೊಳೆ ಬದಿಯಲ್ಲಿ ಸೈಕಲ್ ಹೊಡೆಯುವ ಮಾರಾಯ್ತಿ" ಅಂದರು. ಏನೋ ಮಲ್ಪೆಗೆ ಹೋಗಿ ಮೀನು ತರುವ ಅಂದ ಹಾಗೆ. ಮೀನು ತರುವುದೂ ನಮ್ಮಲ್ಲಿ ಇಲ್ಲ, ಅದು ಬೇರೆ ವಿಷಯ.

ದಾರಿ ಮಾತ್ರ ನಿಜವಾಗಿ ಸುಲಭದ್ದು. ಜರ್ಮನಿಯ ಪಾಸಾವು ಅನ್ನುವ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ನದಿಯ ಪಕ್ಕದಲ್ಲೇ ಸೈಕಲ್ ದಾರಿ ಉಂಟು, 300 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಹೊಳೆ ಹರಿಯುವ ದಿಕ್ಕಿಗೇ ಹೋಗುವುದು, ಹೆಚ್ಚು ಕಡಿಮೆ ಚಪ್ಪಟೆ. ಕುಂಜಿಬೆಟ್ಟಿನಿಂದ ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಬರುವ ಏದುಸಿರು ಅಲ್ಲಿ ಇಡೀ ವಾರದಲ್ಲಿ ಬರುವುದಿಲ್ಲ. ದೊಡ್ಡ ಸಾಮಾನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಹೋಗುತ್ತದೆ. ಸೈಕಲ್ ಬಾಡಿಗೆಗೆ ಸಿಗುತ್ತದೆ. ನಾವು ಐದು ಜನ: ನಾನು, ಇವರು, 13ರ ಮಗ, 9ರ ಮಗಳು, ಮತ್ತು 68 ದಾಟಿದ ಮಾವ. ಮಾವ ಬ್ಯಾಂಕಿನಿಂದ ರಿಟೈರ್ ಆದವರು. ಮೊದಲ ಪೋಸ್ಟಿಂಗಿನಲ್ಲಿ ಬ್ರಾಂಚಿಗೆ ದಿನಾ ಸೈಕಲ್ಲಿನಲ್ಲೇ ಹೋಗುತ್ತಿದ್ದೆ ಅಂತ ಐವತ್ತು ಸಲ ಹೇಳಿದ್ದಾರೆ, ಹಾಗಾಗಿ ಬಿಟ್ಟು ಹೋಗುವ ಪ್ರಶ್ನೆಯೇ ಇರಲಿಲ್ಲ.

ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ ಮಟ್ಟುವಿನವರೆಗೆ ಹೋಗುತ್ತಿದ್ದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಹೋಗುವಾಗ ಒಂದು ಎಳನೀರು ಬೊಂಡ, ಬರುವಾಗ ಎರಡು ಬೊಂಡ. ಒಂದು ವಾರ ಅಲ್ಲಿಯ ಬದನೆ, ಮಟ್ಟುಗುಳ್ಳ, ಕಂಡಿತು ಅಂತ ಮಾವ ಎರಡು ಕಿಲೋ ತೆಗೆದುಕೊಂಡು ಹ್ಯಾಂಡಲಿಗೆ ಕಟ್ಟಿದರು, ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಿತು.

ಸೈಕಲ್ಲಿನ ವಿಚಾರದಲ್ಲಿ ನನಗೆ ಮಾಡಲು ಏನೂ ಉಳಿದಿರಲಿಲ್ಲ. ಹಾಗಾಗಿ ಊರುಗಳನ್ನು ಹಿಡಿದುಕೊಂಡೆ. ನನ್ನ ಲೆಕ್ಕ ಹೀಗಿತ್ತು: ಸೈಕಲ್ ಹೊಡೆದರೆ ಬಚ್ಚುತ್ತದೆ, ಮೈಕೈ ನೋಯುತ್ತದೆ, ಅದಕ್ಕೆ ಮುಂಚೆ ಒಂದು ದೊಡ್ಡ ಊರಿನಲ್ಲಿ ನಾಲ್ಕು ದಿನ ಆರಾಮವಾಗಿ ಇರಬೇಕು, ನಡುವೆ ಒಂದು ಊರಿನಲ್ಲಿ ನಿಂತು ಉಸಿರು ಬಿಡಬೇಕು, ಕೊನೆಗೆ ವಿಯೆನ್ನಾದಲ್ಲಿ ಕಾಲು ಚಾಚಿ ಕೂರಬೇಕು. ಎಕ್ಸೆಲ್ ತೆರೆದು ಊರಿಗೊಂದು ಬಣ್ಣ ಕೊಟ್ಟೆ. ಮ್ಯೂನಿಕ್ 4 ರಾತ್ರಿ, ನ್ಯೂರೆಂಬರ್ಗ್ 2, ಪಾಸಾವು 1. ಆಮೇಲೆ ಸೈಕಲ್ ದಾರಿಯಲ್ಲಿ 5, ವಿಯೆನ್ನಾ 2. ನೋಡಲಿಕ್ಕೆ ಬಹಳ ಚಂದ ಇತ್ತು.

ಈ ಚಂದಕ್ಕೆ ಮೊದಲ ಕಲ್ಲು ಬಿದ್ದದ್ದು ವೀಸಾದಿಂದ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಕ್ಕೆ ಒಂದು ನಿಯಮ: ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ರಾತ್ರಿ ಎಣಿಸಿದೆ. ಜರ್ಮನಿಯಲ್ಲಿ 7, ಆಸ್ಟ್ರಿಯಾದಲ್ಲಿ 7. ಮತ್ತೆ ಎಣಿಸಿದೆ. ಏಳು, ಏಳು.

ಮಾವ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಟೈ ಆದ್ರೆ ಸೂಪರ್ ಓವರ್ ಉಂಟಾ?"

ಉಂಟು ಮಾರ್ರೆ. ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ಅಂದರೆ ಜರ್ಮನಿ. ಆದರೆ ಬೆಂಗಳೂರಿನಲ್ಲಿ ನಮಗೆ ಬೇಕಾದ ತಾರೀಕಿನೊಳಗೆ ಐದು ಜನಕ್ಕೆ ಒಟ್ಟಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಆಸ್ಟ್ರಿಯಾಕ್ಕೆ. ಹಾಗಾಗಿ ನ್ಯೂರೆಂಬರ್ಗ್ ಹಾರಿಹೋಯಿತು. ಅದರ ಎರಡು ರಾತ್ರಿಯಲ್ಲಿ ಒಂದನ್ನು ದಾರಿ ನಡುವಿನ ಲಿಂಟ್ಸ್ ಊರಿಗೆ, ಇನ್ನೊಂದನ್ನು ವಿಯೆನ್ನಾಕ್ಕೆ ಹಂಚಿದೆ. ಐದಕ್ಕೆ ಒಂಬತ್ತು, ಆಸ್ಟ್ರಿಯಾಕ್ಕೆ ಜಯ. ಯುರೋಪ್ ಟೂರಿನಲ್ಲಿ ಯಾವ ಊರು ನೋಡಬೇಕು ಅಂತ ಜನ ಎಷ್ಟೆಲ್ಲ ಓದಿ ತೀರ್ಮಾನ ಮಾಡುತ್ತಾರೆ, ಅಲ್ವಾ. ನಮ್ಮದು ಕೂಡಿಸಿ ಕಳೆದು ತೀರ್ಮಾನ ಆದದ್ದು.

ವೀಸಾ ಕೈಗೆ ಬಂದು, ಇನ್ನೇನು ಚಟ್ನಿಪುಡಿ ಕುಟ್ಟಬೇಕು ಅನ್ನುವಷ್ಟರಲ್ಲಿ, ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆಯ ತಾರೀಕು ಬಂತು. ಮೇ 10ಕ್ಕೆ ಮತದಾನ. ಎಕ್ಸೆಲ್ ನೋಡಿದೆ. ಮೇ 10: ಮೆಲ್ಕ್‌ನಿಂದ ಕ್ರೆಮ್ಸ್, 37 ಕಿಲೋಮೀಟರ್, ಹಳದಿ ಬಣ್ಣ. ಆ ಬೇಸಿಗೆಯಲ್ಲಿ ಚುನಾವಣೆ ಬರುತ್ತದೆ ಅಂತ ಇಡೀ ರಾಜ್ಯಕ್ಕೆ ಗೊತ್ತಿತ್ತು, ನನ್ನ ಎಕ್ಸೆಲ್ ಒಂದಕ್ಕೆ ಬಿಟ್ಟು.

ಮಾವ 21ನೇ ವಯಸ್ಸಿನಿಂದ ಒಂದು ಮತವನ್ನೂ ತಪ್ಪಿಸಿದವರಲ್ಲ, ಪಂಚಾಯತಿನದ್ದು ಕೂಡ. ಅವರು ಬೈಯಲಿಲ್ಲ. "ಆಯಿತು, ಟಿಕೆಟ್ ಆಗಿದೆಯಲ್ಲ" ಅಂದರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು. ಹೊರಡುವ ದಿನ ನೋಡಿದರೆ ಪಾಸ್‌ಪೋರ್ಟಿನ ಜೊತೆಗೆ ವೋಟರ್ ಐಡಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರು. "ಇರಲಿ, ಎಲ್ಲಿ ಏನು ಕೇಳ್ತಾರೋ."

ಮ್ಯೂನಿಕ್‌ನಲ್ಲಿ ಇಳಿದದ್ದು ಏಪ್ರಿಲ್ 30. ನನ್ನ ಯೋಜನೆಯಲ್ಲಿ ಮೊದಲ ಎರಡು ದಿನಕ್ಕೆ ಕೆಲಸ ಒಂದೇ, ಖರೀದಿ. ಮಳೆ ಜಾಕೆಟ್, ಗ್ಲೌಸ್, ಸೈಕಲ್ ಚಡ್ಡಿ ಎಲ್ಲ ಅಲ್ಲೇ ಒಳ್ಳೆಯದು ಸಿಗುತ್ತದೆ, ಇಲ್ಲಿಂದ ಹೊತ್ತುಕೊಂಡು ಹೋಗುವುದು ಯಾಕೆ ಅಂತ ನಾನೇ ಎಲ್ಲರಿಗೂ ಭಾಷಣ ಮಾಡಿದ್ದೆ. ಏಪ್ರಿಲ್ 30 ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಇಲ್ಲ. ಸೋಮವಾರ ಮೇ 1, ಕಾರ್ಮಿಕರ ದಿನ. ಅವತ್ತೂ ಇಲ್ಲ. ಉಡುಪಿಯಲ್ಲಿ ಬಂದ್ ಅಂದರೆ ಅರ್ಧ ಶಟರ್ ಎಳೆದು ಹಿಂದಿನಿಂದ ವ್ಯಾಪಾರ ನಡೆಯುತ್ತದೆ. ಅಲ್ಲಿ ಬಂದ್ ಅಂದರೆ ಬಂದ್. ತೆರೆದಿದ್ದದ್ದು ರೈಲ್ವೆ ಸ್ಟೇಷನ್ನಿನ ಒಳಗಿನ ಅಂಗಡಿಗಳು. ಹಾಲು, ಬ್ರೆಡ್, ಬಾಳೆಹಣ್ಣು ಅಂತ ಎರಡು ದಿನದಲ್ಲಿ ಆರು ಸಲ ಸ್ಟೇಷನ್ನಿಗೆ ಹೋಗಿ ಬಂದೆವು. ಮಗಳು ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಫೋನಿನಲ್ಲಿ "ಮ್ಯೂನಿಕ್ ಚಂದ ಉಂಟು, ಮೂವತ್ತೆರಡು ಪ್ಲಾಟ್‌ಫಾರ್ಮ್ ಉಂಟು" ಅಂದಳು.

ಮೂರನೇ ದಿನ ಅಂಗಡಿ ತೆರೆಯಿತು. ಐದು ಮಳೆ ಜಾಕೆಟ್ ತೆಗೆದುಕೊಂಡೆವು. ಬೆಲೆಯನ್ನು ರೂಪಾಯಿಗೆ ತಿರುಗಿಸಬಾರದು ಅಂತ ಇವರು ಮೊದಲೇ ಹೇಳಿದ್ದರು, ಮಾವ ಅಲ್ಲೇ ನಿಂತು ತಿರುಗಿಸಿದರು. ಆ ಗಲಾಟೆಯಲ್ಲಿ ಮರಿಯನ್‌ಪ್ಲಾಟ್ಸ್ ಚೌಕದ ಗಡಿಯಾರ ಗೋಪುರದ ಗೊಂಬೆ ಕುಣಿತ ಹನ್ನೊಂದು ಗಂಟೆಯದ್ದು ತಪ್ಪಿತು. ಹನ್ನೆರಡರದ್ದಕ್ಕೆ ರಥಬೀದಿಯಲ್ಲಿ ತೇರಿಗೆ ನಿಂತ ಹಾಗೆ ಕುತ್ತಿಗೆ ಎತ್ತಿ ನಿಂತೆವು. ಊಟಕ್ಕೆ ಹೋದಲ್ಲೆಲ್ಲ ಬಿಳಿ ಆಸ್ಪರಾಗಸ್. ಅಲ್ಲಿ ಅದರದ್ದೇ ಸೀಸನ್, ಮೆನುವಿನಲ್ಲಿ ಸಸ್ಯಾಹಾರ ಅಂತ ಹುಡುಕಿದರೆ ಬೆರಳು ಅಲ್ಲೇ ಹೋಗಿ ನಿಲ್ಲುತ್ತದೆ. ಎರಡನೇ ದಿನ ಮಾವ ತಟ್ಟೆ ನೋಡಿ, "ಬಾಳೆದಿಂಡಿಗೆ ಒಗ್ಗರಣೆ ಹಾಕಲು ಮರೆತಿದ್ದಾರೆ" ಅಂದರು. ರೂಮಿಗೆ ಬಂದು ಅವಲಕ್ಕಿ ಕಲಸಿದೆ.

ನಾಲ್ಕು ದಿನ ಆರಾಮ ಮಾಡುವ ಊರಿನಿಂದ ಹೊರಡುವಾಗ ಎಲ್ಲರ ಕಾಲೂ ಬಾತುಕೊಂಡಿತ್ತು.

ಪಾಸಾವಿನಲ್ಲಿ ಮೂರು ನದಿಗಳು ಸೇರುತ್ತವೆ: ಡಾನ್ಯೂಬ್, ಇನ್, ಇಲ್ಟ್ಸ್. ಸೈಕಲ್ ಕೊಟ್ಟರು, ಮಾವನಿಗೆ ಬ್ಯಾಟರಿಯದ್ದು. ಆಸ್ಟ್ರಿಯಾದಲ್ಲಿ 12ರ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ ಅಂತ ಹೇಳಿದ್ದೇ ತಡ, ಮಗಳು ಅವತ್ತು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪೆಟ್ಟಿಗೆಗಳನ್ನು ಕೆಳಗೆ ಇಟ್ಟೆವು, ವ್ಯಾನ್ ಬಂದು ತೆಗೆದುಕೊಂಡು ಹೋಯಿತು. ಹತ್ತೂವರೆಗೆ ಮಳೆ ಶುರುವಾಯಿತು. ಐದೂ ಜಾಕೆಟ್ ಎಲ್ಲಿವೆ? ಹೊಸದು, ಕೊಳೆಯಾಗಬಾರದು ಅಂತ ನಾನೇ ಮಡಚಿ ದೊಡ್ಡ ಪೆಟ್ಟಿಗೆಯ ಅಡಿಗೆ ಇಟ್ಟಿದ್ದೆ. ಯಾರೂ ಏನೂ ಹೇಳಲಿಲ್ಲ. ಇವರು ಮಾತ್ರ ಒಂದು ಮರದಡಿ ನಿಂತು, "ಜಾಕೆಟಿಗೆ ಒಂದು ಹನಿ ತಾಗಿರ್ಲಿಕ್ಕಿಲ್ಲ ಅಲ್ವಾ?" ಅಂತ ಬಹಳ ಕಾಳಜಿಯಿಂದ ಕೇಳಿದರು. ಮಾವ ಹೆಗಲ ಚೀಲದಿಂದ ಬೈರಾಸು ತೆಗೆದು ತಲೆಗೆ ಕಟ್ಟಿಕೊಂಡು ಹೊರಟೇ ಬಿಟ್ಟರು.

ಇಷ್ಟಾದರೂ ಹೇಳುತ್ತೇನೆ, ಆ ಐದು ದಿನದ ಸೈಕಲ್ಲಿನ ಬಗ್ಗೆ ಬರೆಯಲು ನನ್ನ ಹತ್ತಿರ ಜಾಸ್ತಿ ಇಲ್ಲ, ಯಾಕೆಂದರೆ ಎಡವಟ್ಟೇ ಆಗಲಿಲ್ಲ. ಹೊಳೆ ಪಕ್ಕದಲ್ಲಿದ್ದರೆ ದಾರಿ ಸರಿ ಇದೆ, ಹೊಳೆ ಕಾಣದಿದ್ದರೆ ಎಲ್ಲೋ ತಪ್ಪಿದ್ದೇವೆ, ಇಷ್ಟೇ ನಿಯಮ. ಶ್ಲೇಗನ್ ಹತ್ತಿರ ಡಾನ್ಯೂಬ್ ಪೂರ್ತಿ ತಿರುಗಿ ಬಂದ ದಿಕ್ಕಿಗೇ ಹೋಗುತ್ತದೆ. "ಏನೋ ಮರೆತು ವಾಪಸು ಹೊರಟ ಹಾಗೆ ಉಂಟು" ಅಂದರು ಮಾವ. ಹಂಗಾರಕಟ್ಟೆಯಿಂದ ಬೆಂಗ್ರೆಗೆ ಹೋಗುವ ಬಾರ್ಜಿನ ಹಾಗೆ ಅಲ್ಲೂ ಸಣ್ಣ ಫೆರ್ರಿ, ಸೈಕಲ್ ಸಮೇತ ದಾಟಿಸುತ್ತದೆ. ಬೈರಾಸು ಹ್ಯಾಂಡಲಿನಲ್ಲಿ ಬಾವುಟದ ಹಾಗೆ ಹಾರುತ್ತಾ ಒಣಗುತ್ತಿತ್ತು. ಬ್ಯಾಟರಿ ಸೈಕಲ್ಲಿನಲ್ಲಿ ಮಾವ ಯಾವಾಗಲೂ ಮುಂದೆ, ಅವರನ್ನು ಹಿಡಿಯಲು ಮಗ ಹಿಂದೆ, ಮಗನನ್ನು ಕೂಗುತ್ತಾ ಇವರು, ಕೊನೆಗೆ ನಾನು ಮತ್ತು ಮಗಳು ಹಾಡು ಹೇಳಿಕೊಂಡು. ಎಕ್ಸೆಲ್ ನಾಲ್ಕು ದಿನ ತೆರೆದಿರಲಿಲ್ಲ.

ಅದರ ನಡುವೆ ಲಿಂಟ್ಸ್. ವಿಶ್ರಾಂತಿಗೆ ಅಂತ ನಾನು ಕೂಡಿಸಿದ ಆ ಹೆಚ್ಚುವರಿ ದಿನ ಮೇ 7. ಭಾನುವಾರ. ನೀವು ನಗುತ್ತಿದ್ದೀರಿ ಅಂತ ಗೊತ್ತು. ಬೆಳಿಗ್ಗೆ ಎದ್ದು ಐದೂ ಜನ ಏನೂ ಮಾತಾಡದೆ ರೈಲ್ವೆ ಸ್ಟೇಷನ್ನಿನ ಕಡೆ ನಡೆದೆವು.

ಮೇ 10ಕ್ಕೆ ಮೆಲ್ಕ್‌ನಿಂದ ಹೊರಟೆವು. ಬೆಟ್ಟದ ಮೇಲೆ ಹಳದಿ ಬಣ್ಣದ ದೊಡ್ಡ ಮಠ ಉಂಟು ಅಲ್ಲಿ, ಅದು ಹಿಂದೆ ಉಳಿಯಿತು. ಮುಂದೆ ವಾಖಾವ್ ಕಣಿವೆ, ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಏಪ್ರಿಕಾಟ್ ಮರ. ಇಡೀ ದಾರಿಯಲ್ಲಿ ಅಷ್ಟು ಚಂದದ ಭಾಗ ಬೇರೆ ಇಲ್ಲ. ಮಾವ ಮೊದಲ ಸಲ ಹಿಂದೆ ಬಿದ್ದರು. ಊರಿನಲ್ಲಿ ಬೂತಿನ ಮುಂದೆ ಎಷ್ಟು ಸಾಲು, ಯಾರೆಲ್ಲ ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಬರುತ್ತಿದ್ದ ಫೋಟೋಗಳನ್ನು ನಿಂತು ನಿಂತು ನೋಡುತ್ತಿದ್ದರು. ಫೋಟೋದಲ್ಲಿ ಎಲ್ಲರೂ ಬೆರಳು ತೋರಿಸುತ್ತಿದ್ದಾರೆ. ಡ್ಯೂರ್ನ್‌ಸ್ಟೈನ್‌ನಲ್ಲಿ, ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಹಿಡಿದು ಕೂಡಿಹಾಕಿದ್ದ ಕೋಟೆಯ ಕೆಳಗೆ, ಏಪ್ರಿಕಾಟ್ ಕಡುಬು ತಿನ್ನಲು ಕೂತೆವು. ಹಣ್ಣಿನ ಸುತ್ತ ಹಿಟ್ಟು ಮೆತ್ತಿ ಬೇಯಿಸಿ, ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದ್ದು. ಮಾವ ಅದನ್ನೂ ಸುಮ್ನೆ ತಿಂದರು, ಒಂದು ಟೀಕೆ ಇಲ್ಲದೆ. ಆಗ ಮಗಳು ತನ್ನ ಚೀಲದಿಂದ ನೀಲಿ ಪೆನ್ನು ತೆಗೆದು, "ಅಜ್ಜ, ಎಡಗೈ ಕೊಡಿ" ಅಂತ ತೋರುಬೆರಳಿನ ಉಗುರಿನ ಮೇಲಿಂದ ಚರ್ಮದವರೆಗೆ ಒಂದು ಗೆರೆ ಎಳೆದಳು. ಮಾವ ಅದನ್ನು ಸ್ವಲ್ಪ ಹೊತ್ತು ನೋಡಿ, ಇವರ ಕೈಗೆ ಫೋನ್ ಕೊಟ್ಟು, ಬೆರಳು ಎತ್ತಿ ಫೋಟೋ ತೆಗೆಸಿಕೊಂಡರು. ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೂ ಆಯಿತು. ಹಿಂದೆ ಡಾನ್ಯೂಬ್ ಕಾಣುವುದನ್ನು ನೋಡಿ ಒಬ್ಬರು, "ಇದು ಯಾವ ಬೂತ್, ಉದ್ಯಾವರವಾ?" ಅಂತ ಕೇಳಿದರು. ಆಮೇಲೆ ಎರಡು ದಿನ ಕೈ ತೊಳೆಯುವಾಗ ಮಾವ ಆ ಬೆರಳನ್ನು ಮಾತ್ರ ನೀರಿನಿಂದ ಹೊರಗೆ ಇಡುತ್ತಿದ್ದರು.

ಮರುದಿನ ಟುಲ್ನ್‌ವರೆಗೆ ಸೈಕಲ್, ಅಲ್ಲಿಂದ ವಿಯೆನ್ನಾಕ್ಕೆ ರೈಲು. ಇಷ್ಟು ಚೆನ್ನಾಗಿ ಬಂದಿದ್ದೇವೆ, ಕೊನೆಯ ಏಳು ಕಿಲೋಮೀಟರ್ ಊರೊಳಗೆ ಮೆಟ್ರೋ ಹಿಡಿಯೋಣ ಅಂತ ನನ್ನ ಎಕ್ಸೆಲ್ ಹೇಳಿತ್ತು. ವಿಯೆನ್ನಾದ ಮೆಟ್ರೋದಲ್ಲಿ ಕೆಲಸದ ದಿನ ಮಧ್ಯಾಹ್ನ ಮೂರರಿಂದ ಆರೂವರೆವರೆಗೆ ಸೈಕಲ್ ಹತ್ತಿಸುವ ಹಾಗಿಲ್ಲ. ನಾವು ಬಾಗಿಲ ಮುಂದೆ ಬಂದಾಗ ಮೂರು ಮುಕ್ಕಾಲು, ಗುರುವಾರ. ಸೈಕಲ್ ಐದಕ್ಕೆ ವಾಪಸು ಕೊಡಬೇಕು. ರಸ್ತೆಗಿಳಿದೆವು.

ಮುನ್ನೂರು ಕಿಲೋಮೀಟರಿನಲ್ಲಿ ಬೀಳದವರು ಇವರು, ವಿಯೆನ್ನಾದ ಟ್ರಾಮ್ ಹಳಿಯ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿಸಿಕೊಂಡು ನಿಧಾನಕ್ಕೆ, ಎಮ್ಮೆ ಮಲಗುವ ಹಾಗೆ, ಮಲಗಿದರು. ಪೆಟ್ಟಾಗಲಿಲ್ಲ. ಹಿಂದೆ ಟ್ರಾಮ್ ಬಂದು ನಿಂತು ಗಂಟೆ ಹೊಡೆಯಿತು. ಮಾವ ಸೈಕಲ್ ತಿರುಗಿಸಿ, ಟ್ರಾಮಿನ ಎದುರು ನಿಂತು, ಕೈ ಎತ್ತಿ ತಡೆದರು. ಎತ್ತಿದ್ದು ಎಡಗೈ, ನೀಲಿ ಗೆರೆಯದ್ದು. ಚಾಲಕ ಗಂಟೆ ನಿಲ್ಲಿಸಿದ.

ಶನಿವಾರ, ಮೇ 13, ಶ್ಯೋನ್‌ಬ್ರುನ್ ಅರಮನೆಗೆ ಬೆಳಿಗ್ಗೆ ಒಂಬತ್ತೂವರೆಯ ಟಿಕೆಟ್ ಎರಡು ತಿಂಗಳ ಮೊದಲೇ ಮಾಡಿಟ್ಟಿದ್ದೆ. ಅವತ್ತೇ ಮತ ಎಣಿಕೆ. ಇಲ್ಲಿಯ ಎಂಟು ಗಂಟೆ ಅಂದರೆ ಅಲ್ಲಿಯ ನಾಲ್ಕೂವರೆ. ನಾಲ್ಕೂಕಾಲಕ್ಕೆ ಎದ್ದು ನೋಡಿದರೆ ಮಾವ ಸ್ನಾನ ಮಾಡಿ ಕುರ್ಚಿಯಲ್ಲಿ ಕೂತಿದ್ದಾರೆ, ಎದುರಿಗೆ ಕೆಟಲ್ಲಿನಲ್ಲಿ ಮಾಡಿದ ಚಹ, ಹೋಟೆಲಿನ ಬರೆಯುವ ಹಾಳೆಯಲ್ಲಿ ಕ್ಷೇತ್ರಗಳ ಪಟ್ಟಿ. ಅರಮನೆಯಲ್ಲಿ ನಲವತ್ತು ಕೋಣೆ ತೋರಿಸುತ್ತಾರೆ. ಆರು ವರ್ಷದ ಮೊಝಾರ್ಟ್ 1762ರಲ್ಲಿ ರಾಣಿಯ ಮುಂದೆ ಬಾರಿಸಿದ್ದು ಅಲ್ಲೇ. ಹದಿನೈದನೇ ಕೋಣೆಗೆ ಬರುವಾಗ ತಿರುಗಿ ನೋಡಿದೆ, ಮಾವನೂ ಇಲ್ಲ, ಇವರೂ ಇಲ್ಲ. ಹೊರಗೆ ಬಂದರೆ ತೋಟದ ಬೆಂಚಿನಲ್ಲಿ ಅಪ್ಪ ಮಗ ಇಬ್ಬರೂ ಒಂದೇ ಫೋನಿಗೆ ಬಗ್ಗಿದ್ದಾರೆ.

ವಾಪಸು ಬಂದು ಬಜಪೆಯಲ್ಲಿ ಇಳಿದು, ಕಾರಿನಲ್ಲಿ ಪಡುಬಿದ್ರಿ ದಾಟುವಾಗ ಇವರು ಶುರು ಮಾಡಿದರು: "ಮುಂದಿನ ಬೇಸಿಗೆಗೆ ರೈನ್ ನದಿ ಬದಿಯಲ್ಲಿ ಒಂದು ಉಂಟಂತೆ."

ಹಿಂದಿನ ಸೀಟಿನಲ್ಲಿ ಮಾವ ನಿದ್ದೆ ಮಾಡುತ್ತಿದ್ದಾರೆ ಅಂತ ನಾವು ಅಂದುಕೊಂಡಿದ್ದೆವು. ಕಣ್ಣು ತೆರೆಯದೆ ಹೇಳಿದರು, "ಮುಂದಿನ ಬೇಸಿಗೆಗೆ ಲೋಕಸಭೆ ಉಂಟು."

ಮನೆಗೆ ಬಂದು ಎಕ್ಸೆಲ್ ತೆರೆದು, ಊರಿನ ಕಾಲಂಗಿಂತ ಮೊದಲು ಇನ್ನೊಂದು ಕಾಲಂ ಸೇರಿಸಿದೆ. ಅದಕ್ಕೆ ನೀಲಿ ಬಣ್ಣ ಕೊಟ್ಟೆ.