ರೋವರ್ಸ್ ಕಪ್ ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ

"ಅದು ಬರೀ ಕಪ್ ಅಲ್ವಾ, ಲೀಗ್ ಶುರುವಾಗುವ ಮುಂಚಿನ ಪ್ರಾಕ್ಟೀಸು." ನಮ್ಮ ಫುಟ್‌ಬಾಲ್ ಕಪ್‌ಗಳ ಬಗ್ಗೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಆಫೀಸಿನಲ್ಲಿ ಹೇಳುತ್ತಾರೆ, ಲೋಕಲ್ ಟ್ರೇನಿನಲ್ಲಿ ಹೇಳುತ್ತಾರೆ, ನಮ್ಮ ಮನೆಯಲ್ಲೇ ಅಕ್ಕನ ಮಗ ಹೇಳುತ್ತಾನೆ. ಡುರಾಂಡ್ ಕಪ್ ಆಗಲಿ, ಸೂಪರ್ ಕಪ್ ಆಗಲಿ, ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿ ಆಗಲಿ, ಎಲ್ಲಕ್ಕೂ ಇದೇ ಮಾತು. ಹೇಳುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ಕಂಡದ್ದನ್ನು ಹೇಳುತ್ತಾರೆ. ಕಪ್‌ಗಳನ್ನು ಈ ಸ್ಥಿತಿಗೆ ತಂದವರ ಮೇಲೆ ಸಿಟ್ಟಿದೆ, ಮತ್ತು ಅದನ್ನು ಇಲ್ಲಿ ಪೂರ್ತಿ ಹೇಳಿಯೇ ಬಿಡುತ್ತೇನೆ.

ಮೊದಲು ನಮ್ಮ ಮುಂಬೈಯ ಕಥೆ. ಈ ಊರಿಗೆ ತನ್ನದೇ ಒಂದು ಕಪ್ ಇತ್ತು. ರೋವರ್ಸ್ ಕಪ್. ಶುರುವಾದದ್ದು 1891ರಲ್ಲಿ. ಡುರಾಂಡ್ ಕಪ್ ಶಿಮ್ಲಾದಲ್ಲಿ ಶುರುವಾಗಿ ಆಗ ಮೂರೇ ವರ್ಷ ಆಗಿತ್ತು. ಆ ಕಾಲಕ್ಕೆ ಅದು ಬ್ರಿಟಿಷ್ ಪಲ್ಟನ್‌ಗಳ ಆಟ. ಅವರೇ ಆಡುತ್ತಿದ್ದರು, ಅವರೇ ಗೆಲ್ಲುತ್ತಿದ್ದರು. 1923ರಲ್ಲಿ ಕಲ್ಕತ್ತಾದ ಮೋಹನ್ ಬಾಗನ್ ಬಂದು ಫೈನಲ್ ತನಕ ಹೋಯಿತು, ಆದರೆ ಸೋತಿತು. ಕೊನೆಗೂ ಗೋರಾಗಳ ಕೈಯಿಂದ ಆ ಕಪ್ ಕಿತ್ತುಕೊಂಡ ಮೊದಲ ಭಾರತೀಯ ತಂಡ ಯಾವುದು ಗೊತ್ತಾ? ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ. ಫೈನಲ್‌ನಲ್ಲಿ ಸೋಲಿಸಿದ್ದು ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಕಲ್ಕತ್ತಾ ಲೀಗನ್ನು 1934ರಿಂದ 1938ರವರೆಗೆ ಒಂದು ವರ್ಷವೂ ಬಿಡದೆ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್! ಆಗ ದೇಶದಲ್ಲಿ ಅವರ ಎದುರು ನಿಲ್ಲುವವರೇ ಇರಲಿಲ್ಲ. ಮರುವರ್ಷ 1938ರಲ್ಲಿ ಬೆಂಗಳೂರಿನವರು ಮತ್ತೆ ಗೆದ್ದರು, ಈ ಸಲ ಬ್ರಿಟಿಷ್ ಪಲ್ಟನ್ ಒಂದನ್ನು ಸೋಲಿಸಿ. 1948ರಲ್ಲಿ ಮೂರನೇ ಸಲ ಗೆದ್ದರು.

ಮುಂಬೈ ಕನ್ನಡಿಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ನಾನು ಓದುತ್ತೇನೆ. ಯಕ್ಷಗಾನ ಇದೆ, ನಾಟಕ ಇದೆ, ಹೋಟೆಲ್ ಉದ್ಯಮ ಇದೆ, ರಾತ್ರಿ ಶಾಲೆಗಳಿವೆ. ಎಲ್ಲವೂ ಇರಬೇಕು, ನಮಗೆ ಅದರ ಹೆಮ್ಮೆ ಇದೆ. ಆದರೆ ನಮ್ಮೂರ ಹುಡುಗರು ಇದೇ ಮುಂಬೈಗೆ ಬಂದು ಇಂಥ ಕಪ್ ಗೆದ್ದು ಹೋದದ್ದಕ್ಕೆ ಅರ್ಧ ಪುಟವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ದುಡಿದವರು. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ, ಸಂಜೆಯ ಕಾಫಿ ತಿಂಡಿಗೆ ಮುಂಚೆ, ಸ್ವಲ್ಪ ಬಿಡುವು ಸಿಗುತ್ತಿತ್ತು. ಬೇರೆಯವರು ಮಲಗುತ್ತಿದ್ದರು. ಅಪ್ಪ ಮತ್ತು ಅವರ ಜೊತೆಯ ಹುಡುಗರು ರೋವರ್ಸ್ ಕಪ್ ನೋಡಲು ಕೂಪರೇಜ್ ಮೈದಾನಕ್ಕೆ ನಡೆದು ಹೋಗುತ್ತಿದ್ದರು. ಟಿಕೆಟ್‌ಗೆ ದುಡ್ಡಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಲ್ಲಿಂದ ಕಾಣುತ್ತದೋ ಅಲ್ಲಿಂದ. ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋದರೆ ಹೋಟೆಲಿನಲ್ಲಿ ಬೈಗುಳ ಗ್ಯಾರಂಟಿ. ಆದರೂ ಹೋಗುತ್ತಿದ್ದರು. ದಿಲೀಪ್ ಕುಮಾರ್ ಅವರಿಗೆ ಫುಟ್‌ಬಾಲ್ ಹುಚ್ಚು ಎಷ್ಟಿತ್ತು ಅಂತ ಹಳೆಯ ಮುಂಬೈಯವರಿಗೆಲ್ಲ ಗೊತ್ತು. ಅವರು ಗ್ಯಾಲರಿಯಲ್ಲಿ ಕೂತದ್ದನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ. ಒಂದೇ ಮೈದಾನದಲ್ಲಿ ಸಿನಿಮಾದ ನಾಯಕ ಮತ್ತು ಹೋಟೆಲಿನ ಮಾಣಿ, ಇಬ್ಬರ ಕಣ್ಣೂ ಅದೇ ಚೆಂಡಿನ ಮೇಲೆ. ಕಪ್ಪಿನ ಪ್ರತಿಷ್ಠೆ ಅಂದರೆ ನನಗೆ ಇವತ್ತಿಗೂ ನೆನಪಾಗುವುದು ಅದೇ.

ಎಂಥೆಂಥ ತಂಡಗಳು ಬರುತ್ತಿದ್ದವು! ಹೈದರಾಬಾದ್ ಸಿಟಿ ಪೊಲೀಸ್ 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು. ಅದರ ಕೋಚ್ ಸೈಯದ್ ಅಬ್ದುಲ್ ರಹೀಮ್, ಆಮೇಲೆ ಭಾರತಕ್ಕೆ 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರು. ಗೋವಾದಿಂದ ಡೆಂಪೊ, ಸಾಲ್ಗಾಂವ್ಕರ್ ಬರುತ್ತಿದ್ದವು. ಕಲ್ಕತ್ತಾದ ಮೂರೂ ದೊಡ್ಡ ತಂಡಗಳು ಬರುತ್ತಿದ್ದವು. ಮುಂಬೈಯದೇ ಕಾಲ್ಟೆಕ್ಸ್ ಕಂಪನಿಯ ತಂಡ 1958ರಲ್ಲಿ ಗೆದ್ದಿತ್ತು. ಆಗ ಮಿಲ್ಲುಗಳು, ಎಣ್ಣೆ ಕಂಪನಿಗಳು, ವಿಮಾನ ಕಂಪನಿ, ಬ್ಯಾಂಕು, ಎಲ್ಲರಿಗೂ ಒಂದೊಂದು ಫುಟ್‌ಬಾಲ್ ತಂಡ. ಚೆನ್ನಾಗಿ ಆಡುವ ಹುಡುಗನಿಗೆ ಕಾಯಂ ನೌಕರಿ ಸಿಗುತ್ತಿತ್ತು. ಕಪ್ಪಿನಲ್ಲಿ ಆಡಿದ ಒಂದು ಒಳ್ಳೆಯ ಪಂದ್ಯ ಒಂದು ಮನೆಯ ಅನ್ನಕ್ಕೆ ದಾರಿ ಮಾಡುತ್ತಿತ್ತು. ಹಾಗಾಗಿ ಯಾರೂ ಅದನ್ನು ಪ್ರಾಕ್ಟೀಸು ಅಂತ ಆಡುತ್ತಿರಲಿಲ್ಲ.

ಆಮೇಲೆ ಒಂದೊಂದೇ ಹೋದವು. 1982ರ ಮುಷ್ಕರದ ನಂತರ ಮಿಲ್ಲುಗಳು ಮುಚ್ಚುತ್ತಾ ಬಂದವು. ಕಂಪನಿಗಳು ಆಟಗಾರರನ್ನು ನೌಕರಿಗೆ ಸೇರಿಸಿಕೊಳ್ಳುವುದನ್ನು ಕಡಿಮೆ ಮಾಡಿದವು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ರೋವರ್ಸ್ ಕಪ್ ಕೂಡ ನಿಂತುಹೋಯಿತು. ನೂರು ವರ್ಷ ದಾಟಿದ ಒಂದು ಟೂರ್ನಿ! ಹಾಗೆ ನಿಂತಾಗ ಈ ಊರಿನಲ್ಲಿ ಒಂದು ಗಲಾಟೆ ಆಗಲಿಲ್ಲ, ಒಂದು ಮೆರವಣಿಗೆ ಆಗಲಿಲ್ಲ. ಸುಮ್ನೆ ಒಂದು ವರ್ಷ ನಡೆಯಲಿಲ್ಲ, ಇನ್ನೊಂದು ವರ್ಷವೂ ನಡೆಯಲಿಲ್ಲ, ಜನ ಮರೆತರು. ಅದರ ಹಿಂದೆಯೇ ಮುಂಬೈಯದೇ ತಂಡ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಮುಂಬೈ ಎಫ್‌ಸಿ 2017ರಲ್ಲಿ ಹೋಯಿತು. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡುತ್ತಿದ್ದ ಪುಣೆಯ ತಂಡ 2019ರಲ್ಲಿ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೋಯಿತು.

"ಜನ ಬರೋದಿಲ್ಲ ಮಾರಾಯ್ರೆ, ಅದಕ್ಕೇ ನಿಲ್ಲಿಸಿದರು" ಅನ್ನುತ್ತಾರೆ. ಸುಳ್ಳು! 1997ರ ಜುಲೈಯಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗನ್ ಆಡಿದಾಗ 1,30,000ಕ್ಕೂ ಜಾಸ್ತಿ ಜನ ಸೇರಿದ್ದರು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದ ದಿನ ಅದು. ಅದು ಲೀಗ್ ಪಂದ್ಯ ಆಗಿರಲಿಲ್ಲ. ಫೈನಲ್ ಕೂಡ ಆಗಿರಲಿಲ್ಲ. ಫೆಡರೇಷನ್ ಕಪ್ಪಿನ ಸೆಮಿಫೈನಲ್. ಅಷ್ಟು ಜನರನ್ನು ಎಳೆದು ತಂದ ಆ ಫೆಡರೇಷನ್ ಕಪ್ಪನ್ನೇ 2017ರಲ್ಲಿ ಮುಚ್ಚಿದರು. ಅದರ ಜಾಗಕ್ಕೆ ಸೂಪರ್ ಕಪ್ ಅಂತ ತಂದರು.

ಫೆಡರೇಷನ್ ಕಪ್ಪಿಗೂ ನಮಗೂ ಸಂಬಂಧ ಚಿಕ್ಕದಲ್ಲ. 1977ರಲ್ಲಿ ಅದು ಶುರುವಾದಾಗ ಮೊಟ್ಟಮೊದಲು ಗೆದ್ದದ್ದು ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯ ತಂಡ, ಮೋಹನ್ ಬಾಗನ್ ತಂಡವನ್ನು ಸೋಲಿಸಿ. ಕೊನೆಯ ಸಲ, 2017ರಲ್ಲಿ, ಗೆದ್ದದ್ದು ಬೆಂಗಳೂರು ಎಫ್‌ಸಿ. ಅದೂ ಮೋಹನ್ ಬಾಗನ್ ತಂಡವನ್ನೇ ಸೋಲಿಸಿ. ಶುರುವೂ ನಾವೇ, ಕೊನೆಯೂ ನಾವೇ. ನಡುವೆ 2015ರ ಜನವರಿಯಲ್ಲಿ ಗೋವಾದ ಫತೋರ್ಡಾದಲ್ಲಿ, ಡೆಂಪೊ ತಂಡವನ್ನು ಅದರ ಮನೆಯಂಗಳದಲ್ಲೇ 2-1ರಿಂದ ಸೋಲಿಸಿ ಬೆಂಗಳೂರಿನವರು ಗೆದ್ದಿದ್ದರು. ವಾಸ್ಕೋದಲ್ಲಿ, ಮಡಗಾಂವ್‌ನಲ್ಲಿ ನಮ್ಮ ಉತ್ತರ ಕರ್ನಾಟಕದ ಜನ ಎಷ್ಟಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಅವರ ಮನೆ ಬಾಗಿಲಿಗೆ ಒಂದು ಕಪ್ ಬಂದಿತ್ತು ಆವತ್ತು.

ಈಗ ಕಪ್ ಪಂದ್ಯಗಳನ್ನು ಹೇಗೆ ನಡೆಸುತ್ತಾರೆ ನೋಡಿ. ಕೆಲಸದ ದಿನ, ದುಡಿಯುವವನು ಹೋಗಲಾಗದ ಹೊತ್ತು. ಡುರಾಂಡ್ ಕಪ್ ಮಳೆಗಾಲದಲ್ಲಿ, ಲೀಗಿಗೆ ಮುಂಚೆ. ಕೆಲವು ಕ್ಲಬ್‌ಗಳು ರಿಸರ್ವ್ ಹುಡುಗರನ್ನು ಕಳಿಸಿ ಕೈತೊಳೆದುಕೊಳ್ಳುತ್ತವೆ. ಆ ಹುಡುಗರು ಜೀವ ಬಿಟ್ಟು ಆಡುತ್ತಾರೆ, ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಆದರೆ ಕ್ಲಬ್ಬೇ ತನ್ನ ದೊಡ್ಡ ತಂಡವನ್ನು ಕಳಿಸದಿದ್ದರೆ ನೋಡುವವನು ಯಾಕೆ ಬರಬೇಕು? 2025ರ ಡುರಾಂಡ್ ಕಪ್ಪಿಗೆ ಬಂದ ಐಎಸ್‌ಎಲ್ ತಂಡಗಳು ಬರೀ 6. ಆ ವರ್ಷ ಲೀಗ್ ನಡೆಯುತ್ತೋ ಇಲ್ಲವೋ ಅನ್ನುವ ಗೊಂದಲ ಇತ್ತು, ಒಪ್ಪುತ್ತೇನೆ. ಆದರೆ ಲೀಗೇ ಅನುಮಾನ ಅಂದಾಗ ಕೈಯಲ್ಲಿರುವ ಕಪ್ಪನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಅದನ್ನೂ ಬಿಟ್ಟರು. ಅದೇ ಟೂರ್ನಿಯಲ್ಲಿ ಬಂಗಾಳದ ಡೈಮಂಡ್ ಹಾರ್ಬರ್ ಅನ್ನುವ ಹೊಸ ತಂಡ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು ಮನೆಗೆ ಕಳಿಸಿತು. ಫೈನಲ್‌ನಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ಕೈಯಲ್ಲಿ 6-1ರಿಂದ ಸೋತಿತು, ಇರಲಿ. ಮೊದಲ ಸಲ ಆಡಿದ ತಂಡ ಫೈನಲ್ ತನಕ ಬಂತಲ್ಲ! ಲೀಗ್‌ನಲ್ಲಿ ಒಂದು ಸೋಲನ್ನು ಮುಂದಿನ ವಾರ ಸರಿ ಮಾಡಿಕೊಳ್ಳಬಹುದು. ಕಪ್ಪಿನಲ್ಲಿ ಸೋತರೆ ಆವತ್ತೇ ಬಸ್ಸು ಹತ್ತಬೇಕು. ಆ ಭಯಕ್ಕೇ ದೊಡ್ಡವರ ಕಾಲು ನಡುಗುವುದು, ಚಿಕ್ಕವರಿಗೆ ಧೈರ್ಯ ಬರುವುದು.

ಇನ್ನು 2022ರ ಡುರಾಂಡ್ ಫೈನಲ್. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಬೆಂಗಳೂರು ಎಫ್‌ಸಿ ಮತ್ತು ಮುಂಬೈ ಸಿಟಿ. ನನ್ನಂಥವರಿಗೆ ಅದಕ್ಕಿಂತ ದೊಡ್ಡ ಪಂದ್ಯ ಇಲ್ಲ, ಹುಟ್ಟಿದ ನಾಡು ಒಂದು ಕಡೆ, ಅನ್ನ ಕೊಟ್ಟ ಊರು ಇನ್ನೊಂದು ಕಡೆ. ಬೆಂಗಳೂರು 2-1ರಿಂದ ಗೆದ್ದಿತು. ಬೆಂಗಳೂರಿನ ನಾಯಕ ಸುನಿಲ್ ಚೆಟ್ರಿ ಕಪ್ ತೆಗೆದುಕೊಳ್ಳಲು ವೇದಿಕೆಗೆ ಬಂದರು. ಅಲ್ಲಿದ್ದ ರಾಜ್ಯಪಾಲರು ತಮ್ಮ ಮುಖ ಫೋಟೋದಲ್ಲಿ ಬರಲಿ ಅಂತ ಚೆಟ್ರಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಇಡೀ ದೇಶ ನೋಡಿತು. ಭಾರತಕ್ಕೆ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಮನುಷ್ಯ, ತಾನೇ ಗೆದ್ದ ಕಪ್ಪಿನ ಮುಂದೆ ಅಡ್ಡವಾಗಿಬಿಟ್ಟ! ಆ ಒಬ್ಬರದ್ದೇ ತಪ್ಪು ಆಗಿದ್ದರೆ ಮರೆಯಬಹುದಿತ್ತು. ವೇದಿಕೆ ತುಂಬಾ ಅತಿಥಿಗಳು, ಆಡಿದವರಿಗೆ ನಿಲ್ಲಲು ಜಾಗ ಇಲ್ಲ. ಏಷ್ಯಾದಲ್ಲೇ ಅತಿ ಹಳೆಯ ಟೂರ್ನಿಗೆ ಕೊಡುವ ಮರ್ಯಾದೆಯಾ ಇದು?

ಸಂತೋಷ್ ಟ್ರೋಫಿಯದ್ದು ಇನ್ನೊಂದು ನೋವು. ಮೈಸೂರು ರಾಜ್ಯದ ತಂಡ 1946ರಲ್ಲಿ, 1952ರಲ್ಲಿ, ಆಮೇಲೆ ಅರವತ್ತರ ದಶಕದ ಕೊನೆಯಲ್ಲಿ ಸಾಲಾಗಿ ಎರಡು ಸಲ ಗೆದ್ದಿತ್ತು. ಅಲ್ಲಿಂದ 54 ವರ್ಷ ಕಾದ ಮೇಲೆ 2023ರ ಮಾರ್ಚ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು. ಎಲ್ಲಿ ಆಡಿದ್ದು? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ದೊಡ್ಡ ಸ್ಟೇಡಿಯಂ, ದೊಡ್ಡ ಹೆಸರು, ಎಲ್ಲ ಸರಿ. ಬೆಂಗಳೂರಿನ ಆಟೋ ಓಡಿಸುವ ಅಪ್ಪ ಮಗನ ಫೈನಲ್ ನೋಡಲು ರಿಯಾದ್‌ಗೆ ಹೋಗುತ್ತಾನಾ? ಶಿಲ್ಲಾಂಗ್‌ನ ಜನ ಹೋಗುತ್ತಾರಾ? ಅದೇ ಪಂದ್ಯ ಬೆಂಗಳೂರಿನಲ್ಲೋ ಶಿಲ್ಲಾಂಗ್‌ನಲ್ಲೋ ಆಗಿದ್ದರೆ ಗ್ಯಾಲರಿ ತುಂಬುತ್ತಿತ್ತು. ನಾನು ಇಲ್ಲಿ ನಮ್ಮ ಸಂಘವೊಂದರ ಹಿರಿಯರಿಗೆ ಫೋನ್ ಮಾಡಿ, ಗೆದ್ದ ಹುಡುಗರಿಗೆ ಒಂದು ಅಭಿನಂದನೆ ಪತ್ರವಾದರೂ ಕಳಿಸೋಣ ಅಂದೆ. "ನೋಡೋಣ" ಅಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಅಕ್ಕನ ಮಗ ಹೇಳುತ್ತಾನೆ, ಇಂಗ್ಲೆಂಡಿನಲ್ಲೂ ಹೀಗೇ ಮಾಮ, ಎಫ್‌ಎ ಕಪ್ಪಿಗೂ ಮೊದಲಿನ ಬೆಲೆ ಇಲ್ಲ ಅಂತ. ಇರಬಹುದು. ಅಲ್ಲಿ 1999-2000ರ ಸೀಸನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬ್ರೆಜಿಲ್‌ನಲ್ಲಿ ಬೇರೆ ಟೂರ್ನಿ ಆಡಲು ಎಫ್‌ಎ ಕಪ್ಪನ್ನೇ ಬಿಟ್ಟಿತು. ಜನ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. 2024-25ರಿಂದ ಡ್ರಾ ಆದ ಪಂದ್ಯವನ್ನು ಮತ್ತೆ ಆಡಿಸುವ ಪದ್ಧತಿ ನಿಲ್ಲಿಸಿದಾಗ ಚಿಕ್ಕ ಕ್ಲಬ್‌ಗಳು ಜಗಳಕ್ಕೇ ನಿಂತವು. ಅದೇ ಸೀಸನ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ತನ್ನ ಮೊದಲ ದೊಡ್ಡ ಕಪ್ ಗೆದ್ದಾಗ ಗ್ಯಾಲರಿಯಲ್ಲಿ ಮುದುಕರು ಮಕ್ಕಳಂತೆ ಅತ್ತರು. ಅಲ್ಲಿ ಒಂದು ನಿಯಮ ಬದಲಾದರೆ ರಂಪ ಮಾಡುತ್ತಾರೆ. ಇಲ್ಲಿ ಇಡೀ ಕಪ್ಪೇ ಮಾಯವಾದರೂ ಕೇಳುವವರಿಲ್ಲ. ಆ ಹುಡುಗನಿಗೆ ಎಫ್‌ಎ ಕಪ್ಪಿನ ಮೂರನೇ ಸುತ್ತಿನ ಡ್ರಾ ಯಾವ ದಿನ ಅಂತ ಗೊತ್ತು. ರೋವರ್ಸ್ ಕಪ್ ಹೆಸರು ನನ್ನ ಬಾಯಲ್ಲೇ ಮೊದಲು ಕೇಳಿದ್ದು. ಅವನನ್ನು ಬೈದು ಏನು ಮಾಡಲಿ? ಅವನಿಗೆ ನೋಡಲು ಸಿಕ್ಕಿದ್ದನ್ನು ಅವನು ಪ್ರೀತಿಸುತ್ತಾನೆ.

ಈಗ ಕ್ಯಾಲೆಂಡರಿನಲ್ಲಿ ಜಾಗ ಇಲ್ಲ ಅನ್ನುವ ನೆಪ ಬೇರೆ. ಲೆಕ್ಕ ಹಾಕಿ. ನಾಕ್‌ಔಟ್ ಕಪ್ಪಿಗೆ 16 ತಂಡ ಕರೆಯಿರಿ. ಮುಂಬೈಯ ಎರಡೋ ಮೂರೋ, ಗೋವಾದವು, ಪುಣೆಯ ಒಂದು ಲೋಕಲ್ ತಂಡ, ಬೆಂಗಳೂರು, ಕೋಲ್ಕತ್ತಾ, ಈಶಾನ್ಯದವರು, ಒಂದು ಸೇನೆಯ ತಂಡ. ಸೋತವರು ಮನೆಗೆ. ಎಲ್ಲ ಸೇರಿ 15 ಪಂದ್ಯ. ಸೆಮಿಫೈನಲ್, ಫೈನಲ್ ರಜೆಯ ದಿನ ಸಂಜೆ ಇಡಿ. ಟಿಕೆಟ್ ಒಂದು ಊಟದ ಬೆಲೆಗಿಂತ ಜಾಸ್ತಿ ಬೇಡ. ವೇದಿಕೆ ಮೇಲೆ ಆಡಿದವರನ್ನು ಬಿಟ್ಟು ಬೇರೆ ಯಾರೂ ಬೇಡ. ಹಳೆಯ ಹೆಸರನ್ನೇ ಇಡಿ, ಆಟ ಕೂಪರೇಜ್‌ನಲ್ಲೇ ಆಗಲಿ. ಇಷ್ಟು ದೊಡ್ಡ ಊರು, ಇಷ್ಟು ದುಡ್ಡು, ಐಪಿಎಲ್‌ಗೆ ಎರಡು ತಿಂಗಳು ಬಿಟ್ಟುಕೊಡುವ ಜನ. ವರ್ಷದಲ್ಲಿ 15 ಪಂದ್ಯಕ್ಕೆ ಜಾಗ ಇಲ್ವಾ?