ಪಕ್ಕದಲ್ಲೇ ಇದ್ದರೂ ಪರಿಚಯವಿಲ್ಲ

ನಮ್ಮ ಮನೆಯ ಎರಡು ಕಂಪ್ಯೂಟರ್‌ಗಳು ಒಂದೇ ಮೇಜಿನ ಮೇಲಿವೆ. ಭೂಮಿಯ ಆ ತುದಿಯ ವೆಬ್‌ಸೈಟ್ ಎರಡರಲ್ಲೂ ಥಟ್ ಅಂತ ತೆರೆಯುತ್ತದೆ. ಆದರೆ ಒಂದು ಗೇಣು ಆಚೆಗಿರುವ ಇನ್ನೊಂದು ಕಂಪ್ಯೂಟರ್ ಎಲ್ಲಿ ಅಂದರೆ ಎರಡಕ್ಕೂ ಗೊತ್ತಿಲ್ಲ. ಡೆಸ್ಕ್‌ಟಾಪ್‌ನಲ್ಲಿದ್ದ ಹಳೆ ಫೋಟೋಗಳನ್ನು ಲ್ಯಾಪ್‌ಟಾಪ್‌ಗೆ ತಂದುಕೊಳ್ಳಬೇಕಿತ್ತು, ಅಷ್ಟೇ. "ಪೆನ್ ಡ್ರೈವ್‌ಗೆ ಹಾಕ್ಕೊಂಡ್ರೆ ಮುಗೀತಲ್ವಾ?" ಅಂದಳು ಹೆಂಡತಿ. ಮುಗಿಯುತ್ತಿತ್ತು ನಿಜ. ಆದರೆ ಮನೆಯಲ್ಲಿ ನೆಟ್‌ವರ್ಕ್ ಇಟ್ಟುಕೊಂಡು ಪೆನ್ ಡ್ರೈವ್ ಹುಡುಕುವುದು ಮರ್ಯಾದೆ ಪ್ರಶ್ನೆ.

ಎಲ್ಲರೂ ಹೇಳುವ ಮದ್ದು, ರೂಟರ್ ಆಫ್ ಮಾಡಿ ಆನ್ ಮಾಡಿ. ಮಾಡಿದೆ. ಮಗಳ ಆನ್‌ಲೈನ್ ಕ್ಲಾಸ್ ಕಟ್ ಆಯಿತು, ಬೇರೇನೂ ಆಗಲಿಲ್ಲ.

ಆಮೇಲೆ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿ ತೆರೆದು, ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿದೆ. (ಆ ಕಪ್ಪು ಕಿಟಕಿ ತೆರೆದಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ತರಕಾರಿ ತಾ ಅನ್ನುವುದಿಲ್ಲ, ಅದೊಂದು ಲಾಭ.) ಇಲ್ಲಿ ನೋಡಬೇಕಾದ್ದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರ್‌ನ ಮನೆ ನಂಬರ್. ಅದು 169.254 ಅಂತ ಶುರುವಾದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಅಂತ ಅರ್ಥ. ನಮ್ಮಲ್ಲಿ ಹಾಗಿರಲಿಲ್ಲ. ಡೆಸ್ಕ್‌ಟಾಪ್ 192.168.1.20, ಲ್ಯಾಪ್‌ಟಾಪ್ 192.168.2.7. ಮೂರನೇ ಸಂಖ್ಯೆಯೇ ಬೇರೆ! ಅಂದರೆ ಎರಡೂ ಇರುವುದು ಬೇರೆ ಬೇರೆ ನೆಟ್‌ವರ್ಕಿನಲ್ಲಿ. ಮಗಳು ಲ್ಯಾಪ್‌ಟಾಪನ್ನು ಗೆಸ್ಟ್ ವೈಫೈಗೆ ಹಾಕಿದ್ದಳು, ಅದರ ಪಾಸ್‌ವರ್ಡ್ ಚಿಕ್ಕದು ಅಂತ. ಗೆಸ್ಟ್ ವೈಫೈ ಇರುವುದೇ ಬಂದವರನ್ನು ಜಗಲಿಯಲ್ಲಿ ಕೂರಿಸಿ, ಒಳಮನೆಗೆ ಬಿಡದೆ ಇಂಟರ್ನೆಟ್ ಬಡಿಸುವುದಕ್ಕೆ.

ಲ್ಯಾಪ್‌ಟಾಪನ್ನು ಮುಖ್ಯ ವೈಫೈಗೆ ಹಾಕಿ ಪಿಂಗ್ ಮಾಡಿದೆ, ಅಂದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದನ್ನು 'ಇದ್ದೀಯಾ?' ಅಂತ ಕೂಗಿ ನೋಡಿದೆ. ಲ್ಯಾಪ್‌ಟಾಪ್ ಕರೆದರೆ ಡೆಸ್ಕ್‌ಟಾಪ್ ಓಗೊಡುತ್ತದೆ. ಡೆಸ್ಕ್‌ಟಾಪ್ ಕರೆದರೆ ಲ್ಯಾಪ್‌ಟಾಪ್ ತುಟಿ ಪಿಟಕ್ ಅನ್ನಲ್ಲ. ಈ ಪಿಂಗ್ ಅನ್ನು ಮೈಕ್ ಮೂಸ್ ಅನ್ನುವವರು 1983ರ ಡಿಸೆಂಬರ್‌ನಲ್ಲಿ ತಮ್ಮ ನೆಟ್‌ವರ್ಕ್ ಯಾಕೋ ಸರಿಯಿಲ್ಲ ಅಂತ ಕೂತು ಬರೆದದ್ದು. ತಮಾಷೆ ಅಂದರೆ, ಅದು ತಯಾರಾಗುವ ಹೊತ್ತಿಗೆ ಹಾಳಾಗಿದ್ದ ಹಾರ್ಡ್‌ವೇರ್ ರಿಪೇರಿಯಾಗಿ ಹೋಗಿತ್ತಂತೆ. ನನಗೆ ಅಂಥ ಯೋಗ ಇರಲಿಲ್ಲ. ಲ್ಯಾಪ್‌ಟಾಪ್‌ನ ವಿಂಡೋಸ್ ನಮ್ಮ ವೈಫೈಯನ್ನು 'ಪಬ್ಲಿಕ್' ಅಂತ ಲೆಕ್ಕ ಹಾಕಿತ್ತು. ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ವೈಫೈಗೂ ಇದಕ್ಕೂ ವ್ಯತ್ಯಾಸ ಇಲ್ಲ, ಫೈರ್‌ವಾಲ್ ಅನ್ನುವ ಒಳಗಿನ ಕಾವಲುಗಾರ ಯಾರಿಗೂ ಉತ್ತರ ಕೊಡಲು ಬಿಡಲ್ಲ. 'ಪ್ರೈವೇಟ್' ಮಾಡಿ, ಎರಡರಲ್ಲೂ ಫೈಲ್ ಶೇರಿಂಗ್ ಆನ್ ಮಾಡಿದ ಮೇಲೆ ಮಾತು ಶುರುವಾಯಿತು.

ಆಗ ಬಂತು ನೋಡಿ ಪಾಸ್‌ವರ್ಡ್ ಪೆಟ್ಟಿಗೆ. ಫೋಟೋ ಫೋಲ್ಡರ್ ಮೇಲೆ ಕ್ಲಿಕ್ ಮಾಡಿದರೆ ಡೆಸ್ಕ್‌ಟಾಪ್‌ನ ಯೂಸರ್ ನೇಮ್, ಪಾಸ್‌ವರ್ಡ್ ಕೊಡು ಅಂತು. ಹೆಂಡತಿ ದಿನಾ ಒತ್ತುವ ನಾಲ್ಕಂಕಿ ಹಾಕಿದೆ. ತಪ್ಪು. "ಅದೇ ಕಣ್ರೀ, ಬೆಳಿಗ್ಗೆ ತಾನೇ ಒತ್ತಿದೀನಿ!" ಅಂತ ಅವಳು ಬಂದು ಒತ್ತಿದಳು. ತಪ್ಪು. ಮೆಲ್ಲಗೆ ಒತ್ತಿದಳು. ಜೋರಾಗಿ ಒತ್ತಿದಳು. ವಿಷಯ ಏನಂದ್ರೆ, ಅದು ಪಿನ್. ಪಿನ್ ಆ ಒಂದು ಯಂತ್ರದ ಮುಂದೆ ಕೂತಾಗ ಮಾತ್ರ ನಡೆಯುತ್ತದೆ, ನೆಟ್‌ವರ್ಕ್ ಮೂಲಕ ಹೋದರೆ ಖಾತೆಯ ಅಸಲಿ ಪಾಸ್‌ವರ್ಡೇ ಬೇಕು. ಕಂಪ್ಯೂಟರ್ ತಂದ ದಿನ ಹಾಕಿ, ಪಿನ್ ಬಂದ ಮೇಲೆ ಎಲ್ಲರೂ ಮರೆತುಬಿಡುವ ಪಾಸ್‌ವರ್ಡ್ ಇದೆಯಲ್ಲ, ಅದು. ಇದನ್ನು ಆ ಪೆಟ್ಟಿಗೆಯಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟು ಸಂಸಾರಗಳಲ್ಲಿ ಶಾಂತಿ ಇರುತ್ತಿತ್ತೋ! ಕೊನೆಗೆ ಅವಳ ಹಳೆ ಡೈರಿಯಲ್ಲಿ, ಮಿಕ್ಸಿ ವಾರಂಟಿ ಕಾರ್ಡಿನ ಹಿಂದೆ ಬರೆದಿದ್ದು ಸಿಕ್ಕಿತು. ಫೋಟೋಗಳು ಬಂದವು.

ಮಾರನೇ ದಿನ, 192.168.1.20 ಅನ್ನುವ ವಿಳಾಸ ಹಾಕಿ ಮಾಡಿಟ್ಟಿದ್ದ ಫೋಟೋ ಫೋಲ್ಡರ್‌ನ ಶಾರ್ಟ್‌ಕಟ್ ಕೆಲಸ ಮಾಡಲಿಲ್ಲ. ಡೆಸ್ಕ್‌ಟಾಪ್‌ಗೆ ರೂಟರ್ ರಾತ್ರೋರಾತ್ರಿ 192.168.1.23 ಕೊಟ್ಟಿತ್ತು. ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಹಳೆಯ 20ನ್ನೇ ಕಾಯಂ ಮಾಡಿಡಬಹುದು, ದೊಡ್ಡ ಕೆಲಸವೇನಲ್ಲ, ಆದರೆ ಒಳಗೆ ಹೋಗುವ ಪಾಸ್‌ವರ್ಡ್ ಇರುವುದು ರೂಟರ್‌ನ ಬೆನ್ನಿಗಂಟಿದ ಚೀಟಿಯಲ್ಲಿ, ರೂಟರ್ ಇರುವುದು ಗೋಡೆಗೆ ಬೆನ್ನು ಹಾಕಿ ಸ್ಕ್ರೂ ಬಿಗಿಸಿಕೊಂಡು. ಸಂದಿಯಲ್ಲಿ ಮೊಬೈಲ್ ತೂರಿಸಿ ಫೋಟೋ ತೆಗೆದೆ. ಎಂಟು ಅಕ್ಷರದಲ್ಲಿ ಆರು ಸ್ಪಷ್ಟವಾಗಿ ಬಂದಿವೆ. ಉಳಿದೆರಡು ಸೊನ್ನೆಯೋ, ಇಂಗ್ಲಿಷಿನ ಓ ಅಕ್ಷರವೋ ಅಂತ ಮನೆಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ.